ಬ್ರಹ್ಮಗಿರಿಯ ತಟ್ಟೆ, ಬಂಗಾಳದ ಮಣ್ಣು

1944ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಬೀರುವೊಂದನ್ನು ತಡಕುತ್ತಿದ್ದಾಗ ಮಾರ್ಟಿಮರ್ ವೀಲರ್ ಅವರ ಕೈಗೆ ಮಣ್ಣಿನ ಜಾಡಿಯ ಮುರಿದ ಕತ್ತು ಸಿಕ್ಕಿತು. ಅದೇ ವರ್ಷ ಅವರು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾಗಿ ಬಂದಿದ್ದರು. ಅದಕ್ಕೆ ಮೊದಲು ಬ್ರಿಟನ್ನಿನಲ್ಲಿ ರೋಮನ್ ಕಾಲದ ನೆಲೆಗಳನ್ನು ವರ್ಷಗಟ್ಟಲೆ ಅಗೆದಿದ್ದವರು. ಹೀಗಾಗಿ ಎರಡು ಹಿಡಿಗಳಿದ್ದ ಆ ಕತ್ತನ್ನು ಗುರುತಿಸಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದು ಆಂಫೊರಾ, ಮೆಡಿಟರೇನಿಯನ್ ಸಮುದ್ರದ ಬಂದರುಗಳಲ್ಲಿ ದ್ರಾಕ್ಷಾರಸವನ್ನೂ ಎಣ್ಣೆಯನ್ನೂ ತುಂಬಿ ಸಾಗಿಸುತ್ತಿದ್ದ ಜಾಡಿ. ಎಲ್ಲಿಂದ ಬಂತು ಎಂದು ವಿಚಾರಿಸಿದಾಗ ಫ್ರೆಂಚರ ಆಳ್ವಿಕೆಯಲ್ಲಿದ್ದ ಪುದುಚೇರಿಯ ಕಡೆಗೆ ಬೆರಳು ತೋರಿಸಿದರು.

ಪುದುಚೇರಿಗೆ ಹೋದ ವೀಲರ್ ಅಲ್ಲಿನ ಗ್ರಂಥಾಲಯದಲ್ಲಿ ಇನ್ನೂ ಹೆಚ್ಚಿನದನ್ನು ಕಂಡರು. ಅರಿಯಾಂಕುಪ್ಪಂ ನದಿಯ ದಂಡೆಯ ಅರಿಕಮೇಡು ಎಂಬಲ್ಲಿ ಫ್ರೆಂಚ್ ಆಸಕ್ತರು ಅಗೆದು ತಂದಿದ್ದ ಚೂರುಗಳ ನಡುವೆ, ನಯವಾಗಿ ಹೊಳೆಯುವ ಕೆಂಪು ಪಾತ್ರೆಯ ತುಣುಕುಗಳಿದ್ದವು. ಇಟಲಿಯ ಅರೆಝೋ ಊರಿನ ಹೆಸರಿನಿಂದ ಅರೆಟೈನ್ ಎಂದು ಕರೆಯುವ ಪಾತ್ರೆಗಳು ಇವು. ಅರೆಝೋದ ಕುಂಬಾರರು ತಮ್ಮ ಪಾತ್ರೆಗಳ ತಳಕ್ಕೆ ಮುದ್ರೆ ಒತ್ತುತ್ತಿದ್ದರು. ಯಾವ ಮುದ್ರೆ ಯಾವ ಕಾಲದ್ದು ಎಂಬುದನ್ನು ಯುರೋಪಿನ ವಿದ್ವಾಂಸರು ಆಗಲೇ ಬಿಡಿಸಿಟ್ಟಿದ್ದರು. ಕ್ರಿ.ಶ. 1ನೇ ಶತಮಾನದ ಮಧ್ಯಭಾಗದ ಹೊತ್ತಿಗೆ ಈ ಪಾತ್ರೆಗಳ ಕಾಲ ಮುಗಿದಿತ್ತು. ಅಂದರೆ ಈ ಚೂರು ಸಿಕ್ಕ ಮಣ್ಣಿನ ಪದರಕ್ಕೆ ಹೆಚ್ಚುಕಡಿಮೆ ಒಂದು ತೇದಿ ಸಿಕ್ಕಂತಾಯಿತು.

ಆ ದಿನಗಳ ದಕ್ಷಿಣ ಭಾರತದ ಪುರಾತತ್ವಕ್ಕೆ ಇದು ಎಷ್ಟು ದೊಡ್ಡ ವಿಷಯ ಎಂಬುದನ್ನು ಈಗ ಊಹಿಸುವುದೂ ಕಷ್ಟ. ಕಲ್ಲಿನ ಕೊಡಲಿಗಳು ಸಿಕ್ಕಿದ್ದವು, ಬಂಡೆಗಳನ್ನು ನಿಲ್ಲಿಸಿ ಕಟ್ಟಿದ ಗೋರಿಗಳು ಬಯಲು ತುಂಬ ಕಾಣುತ್ತಿದ್ದವು, ಬೂದಿದಿಬ್ಬಗಳ ಬಗ್ಗೆ 19ನೇ ಶತಮಾನದಿಂದಲೇ ವಾದಗಳು ನಡೆದಿದ್ದವು. ಯಾವುದು ಮೊದಲು, ಯಾವುದು ನಂತರ, ಎಷ್ಟು ವರ್ಷಗಳ ಹಿಂದೆ ಎಂದು ಕೇಳಿದರೆ ಮಾತ್ರ ಉತ್ತರವಿರಲಿಲ್ಲ. ಅಶೋಕನ ಶಾಸನಗಳಿಗಿಂತ ಹಿಂದಿನ ಕಾಲವೆಲ್ಲ ಕತ್ತಲೆ. ಇಂಗಾಲದಿಂದ ಕಾಲ ಅಳೆಯುವ ವಿಧಾನವನ್ನು ವಿಲ್ಲರ್ಡ್ ಲಿಬ್ಬಿ ಪ್ರಕಟಿಸಿದ್ದು 1949ರಲ್ಲಿ. ಅಲ್ಲಿಯವರೆಗೆ ಪುರಾತತ್ವಜ್ಞನಿಗೆ ಇದ್ದ ದಾರಿ ಒಂದೇ: ತೇದಿ ಗೊತ್ತಿರುವ ವಸ್ತುವನ್ನು ಹುಡುಕು, ಅದರ ಜೊತೆಯಲ್ಲಿ ಸಿಕ್ಕಿದ್ದಕ್ಕೆ ಅದೇ ಕಾಲವನ್ನು ಕೊಡು.

1945ರಲ್ಲಿ ವೀಲರ್ ಅರಿಕಮೇಡನ್ನು ಅಗೆದರು. ಪದರ ಪದರವಾಗಿ, ಪ್ರತಿ ಪದರದ ವಸ್ತುವನ್ನೂ ಬೇರೆಯಾಗಿಟ್ಟು, ತಗ್ಗಿನ ಗೋಡೆಯ ನಕ್ಷೆ ಬರೆದು ನಡೆಸಿದ ಈ ಅಗೆತ ಒಂದು ಪೀಳಿಗೆಯ ಭಾರತೀಯ ಪುರಾತತ್ವಜ್ಞರಿಗೆ ಶಾಲೆಯಾಯಿತು. 1946ರಲ್ಲಿ ಎ. ಘೋಷ್ ಮತ್ತು ಕೃಷ್ಣದೇವ ಅವರ ಜೊತೆಗೂಡಿ ವೀಲರ್ ಅದರ ವರದಿಯನ್ನೂ ಪ್ರಕಟಿಸಿದರು. ಅರೆಟೈನ್ ಚೂರುಗಳ ಜೊತೆಗೆ, ಅವುಗಳಿಗಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ, ಇನ್ನೊಂದು ಬಗೆಯ ಪಾತ್ರೆ ಅಲ್ಲಿ ಸಿಕ್ಕಿತ್ತು. ಅಗಲವಾದ, ಚಪ್ಪಟೆ ತಳದ, ಅಂಚು ಒಳಕ್ಕೆ ಬಾಗಿದ ತಟ್ಟೆ. ಬಣ್ಣ ಬೂದು ಅಥವಾ ಕಪ್ಪು, ಮೈ ಕನ್ನಡಿಯಷ್ಟಲ್ಲದಿದ್ದರೂ ಸಾಕಷ್ಟು ನುಣುಪು, ಬೆರಳಿನಿಂದ ತಟ್ಟಿದರೆ ಲೋಹದ ಸದ್ದು. ತಳದ ಒಳಭಾಗದಲ್ಲಿ ಒಂದರೊಳಗೊಂದು ವೃತ್ತಗಳು, ಆ ವೃತ್ತಗಳ ತುಂಬ ಸಣ್ಣ ಸಣ್ಣ ಕಚ್ಚುಗಳು. ಹಲ್ಲಿರುವ ಪುಟ್ಟ ಚಕ್ರವನ್ನು ಹಸಿ ಮಣ್ಣಿನ ಮೇಲೆ ಉರುಳಿಸಿ ಮೂಡಿಸುವ ಇಂಥ ಅಲಂಕಾರಕ್ಕೆ ರೂಲೆಟಿಂಗ್ ಎಂಬ ಹೆಸರಿದೆ. ಹಾಗಾಗಿ ಪಾತ್ರೆಗೂ ರೂಲೆಟೆಡ್ ಪಾತ್ರೆ ಎಂಬ ಹೆಸರಾಯಿತು. ಮೆಡಿಟರೇನಿಯನ್ ಕುಂಬಾರರಲ್ಲಿ ಈ ಅಲಂಕಾರದ ರೂಢಿ ಇತ್ತು, ಭಾರತದಲ್ಲಿ ಅದರ ಹಿಂದಿನ ಉದಾಹರಣೆ ಕಾಣದು. ಈ ಕಾರಣಕ್ಕೆ ವೀಲರ್ ಈ ತಟ್ಟೆಯ ಮೂಲವನ್ನೂ ಪಶ್ಚಿಮದ ಕಡೆಗೇ ಇಟ್ಟರು.

ಅರೆಟೈನ್ ಪಾತ್ರೆ ಕರಾವಳಿಯಲ್ಲೇ ಉಳಿದುಕೊಂಡಿತ್ತು. ರೂಲೆಟೆಡ್ ತಟ್ಟೆ ಒಳನಾಡಿಗೂ ಹೋಗಿತ್ತು. ಹಾಗಾದರೆ ಅರೆಟೈನ್ ಕೊಟ್ಟ ತೇದಿಯನ್ನು ಈ ತಟ್ಟೆಯ ಮೇಲೆ ಹೊರಿಸಿ ದಖ್ಖನಿನ ಒಳಕ್ಕೆ ಒಯ್ಯಬಹುದಲ್ಲ ಎಂಬುದು ವೀಲರ್ ಹೂಡಿದ ಲೆಕ್ಕ. ಅದಕ್ಕೆ ಅವರು ಆರಿಸಿದ ಸ್ಥಳಗಳು ಎರಡು, ಎರಡೂ ಚಿತ್ರದುರ್ಗ ಜಿಲ್ಲೆಯವು: ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಚಿತ್ರದುರ್ಗದ ಕೋಟೆಬೆಟ್ಟದ ಮಗ್ಗುಲಿನ ಚಂದ್ರವಳ್ಳಿ.

ಇವೆರಡನ್ನೂ ವೀಲರ್ ಕಂಡುಹಿಡಿಯಲಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳನ್ನು 1892ರಲ್ಲೇ ಬಿ.ಎಲ್. ರೈಸ್ ಬೆಳಕಿಗೆ ತಂದಿದ್ದರು. ಮೈಸೂರು ಸಂಸ್ಥಾನದ ಪುರಾತತ್ವ ನಿರ್ದೇಶಕರಾಗಿದ್ದ ಎಂ.ಎಚ್. ಕೃಷ್ಣ ಅವರು ಚಂದ್ರವಳ್ಳಿಯನ್ನು ವೀಲರ್ ಬರುವುದಕ್ಕೆ ಹದಿನೈದು ವರ್ಷಕ್ಕೂ ಮೊದಲೇ ಅಗೆದು, ಶಾತವಾಹನರ ಕಾಲದ ಊರನ್ನು ಗುರುತಿಸಿದ್ದರು. ಅಲ್ಲಿನ ಕದಂಬ ದೊರೆ ಮಯೂರಶರ್ಮನ ಶಾಸನವನ್ನು ಓದಿದವರೂ ಅವರೇ. 1940ರ ದಶಕದ ಆರಂಭದಲ್ಲಿ ಬ್ರಹ್ಮಗಿರಿಯಲ್ಲೂ ಅಗೆತ ನಡೆಸಿ, ಅಶೋಕನ ಶಾಸನದಲ್ಲಿ ಬರುವ ಇಸಿಲ ಇದೇ ಎಂದು ವಾದಿಸಿದ್ದರು. ವೀಲರ್ ಅವರ ಹೆಸರಿನ ಹೊಳಪಿನಲ್ಲಿ ಕೃಷ್ಣ ಅವರ ಕೆಲಸ ಹಿಂದೆ ಸರಿದಿರುವುದು ಕನ್ನಡ ನಾಡಿನ ಪುರಾತತ್ವಕ್ಕೆ ಆಗಿರುವ ಅನ್ಯಾಯ.

ಬ್ರಹ್ಮಗಿರಿಯಲ್ಲಿ ವೀಲರ್ 1947ರಲ್ಲಿ ಅಗೆದ ತಗ್ಗುಗಳಲ್ಲಿ ಮೂರು ಜನಜೀವನಗಳು ಒಂದರ ಮೇಲೊಂದು ಕುಳಿತಿದ್ದವು. ತಳದಲ್ಲಿ ನಯ ಮಾಡಿದ ಕಲ್ಲಿನ ಕೊಡಲಿ ಬಳಸುತ್ತಿದ್ದವರು, ಕೈಯಲ್ಲೇ ಕಟ್ಟಿದ ಬೂದುಬಣ್ಣದ ಮಡಕೆಗಳವರು. ಅವರ ಮೇಲಿನ ಪದರದಲ್ಲಿ ಕಬ್ಬಿಣ ಬಳಸುತ್ತಿದ್ದವರು, ಕಲ್ಲಿನ ಗೋರಿಗಳನ್ನು ಕಟ್ಟುತ್ತಿದ್ದವರು, ಕಪ್ಪು-ಕೆಂಪು ಮಡಕೆಗಳವರು. ಎಲ್ಲಕ್ಕಿಂತ ಮೇಲೆ ವೀಲರ್ ಆಂಧ್ರ ಸಂಸ್ಕೃತಿ ಎಂದು ಕರೆದ ಶಾತವಾಹನರ ಕಾಲದ ಬದುಕು. ತಿಗರಿಯ ಮೇಲೆ ತಿರುಗಿಸಿ ಮಾಡಿದ ಪಾತ್ರೆಗಳು ಅಲ್ಲಿದ್ದವು, ರೂಲೆಟೆಡ್ ತಟ್ಟೆಯ ಚೂರುಗಳೂ ಇದ್ದವು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳೂ ಶಾತವಾಹನರ ನಾಣ್ಯಗಳೂ ಸಿಕ್ಕಿದ್ದರಿಂದ ಮೇಲಿನ ಪದರದ ಕಾಲ ಇನ್ನಷ್ಟು ಗಟ್ಟಿಯಾಯಿತು.

ಪದರಗಳ ಅನುಕ್ರಮ ಅಂದಿಗೂ ಸರಿ, ಇಂದಿಗೂ ಸರಿ. ತಪ್ಪಿದ್ದು ವರ್ಷಗಳ ಲೆಕ್ಕ. ರೂಲೆಟೆಡ್ ಚೂರುಗಳ ಬಲದ ಮೇಲೆ ಆಂಧ್ರ ಪದರದ ಆರಂಭವನ್ನು ಕ್ರಿ.ಶ. 1ನೇ ಶತಮಾನದ ಮಧ್ಯಕ್ಕೆ ನೆಟ್ಟ ವೀಲರ್, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಹೋದರು. ಕಲ್ಲುಗೋರಿಗಳ ಕಾಲಕ್ಕೆ ಕ್ರಿ.ಪೂ. 200ರಿಂದ ಈಚೆಗೆ ಸುಮಾರು ಎರಡೂವರೆ ಶತಮಾನ ಸಿಕ್ಕಿತು. ಕಲ್ಲುಕೊಡಲಿಯ ಕಾಲಕ್ಕೆ ಕ್ರಿ.ಪೂ. ಒಂದನೇ ಸಹಸ್ರಮಾನದ ಆರಂಭದಿಂದ ಕ್ರಿ.ಪೂ. 2ನೇ ಶತಮಾನದ ಆರಂಭದವರೆಗಿನ ಅವಧಿ. ಈ ಲೆಕ್ಕವನ್ನು ಒಪ್ಪಿದರೆ ಒಂದು ವಿಚಿತ್ರ ಪರಿಸ್ಥಿತಿ ಎದುರಾಗುತ್ತದೆ. ಕ್ರಿ.ಪೂ. 3ನೇ ಶತಮಾನದಲ್ಲಿ ಸುವರ್ಣಗಿರಿಯ ಆರ್ಯಪುತ್ರನ ಕಡೆಯಿಂದ ಇಸಿಲದ ಮಹಾಮಾತ್ರರಿಗೆ ಅಶೋಕನ ಆಜ್ಞೆ ಬಂದಾಗ, ಆ ಊರಿನವರು ಇನ್ನೂ ಕಬ್ಬಿಣ ಕಾಣದೆ ಕಲ್ಲಿನ ಕೊಡಲಿ ಹಿಡಿದಿದ್ದರು ಎನ್ನಬೇಕಾಗುತ್ತದೆ. ಅಧಿಕಾರಿಗಳಿರುವ ಊರು, ಬಂಡೆಗೆ ಕೊರೆದ ಬರಹ, ಚಪಡನೆಂಬ ಲಿಪಿಕಾರ, ಅವರೆಲ್ಲರ ಸುತ್ತ ಶಿಲಾಯುಗ! ಒಂದು ತಟ್ಟೆಯ ಅಲಂಕಾರ ನೋಡಿ ಕಟ್ಟಿದ ಕಾಲಗಣನೆ ಒಂದು ನಾಡಿನ ಚರಿತ್ರೆಯನ್ನು ಇಷ್ಟು ಕಿರಿದಾಗಿ ಮಡಚಿಟ್ಟಿತ್ತು.

ಮಡಚಿದ್ದು ಬಿಚ್ಚಿಕೊಳ್ಳಲು ಬಹಳ ಕಾಲ ಬೇಕಾಗಲಿಲ್ಲ. 1957ರಲ್ಲಿ ಎಫ್.ಆರ್. ಆಲ್ಚಿನ್ ಉಟ್ನೂರಿನ ಬೂದಿದಿಬ್ಬವನ್ನು ಅಗೆದು ತೆಗೆದ ಇದ್ದಿಲು ದಖ್ಖನಿನ ನೂತನ ಶಿಲಾಯುಗವನ್ನು ಕ್ರಿ.ಪೂ. ಮೂರನೇ ಸಹಸ್ರಮಾನಕ್ಕೆ ಒಯ್ದಿತು. 1965ರಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರನ್ನು ಅಗೆದ ಎಂ.ಎಸ್. ನಾಗರಾಜರಾವ್ ಅವರಿಗೆ ಕಬ್ಬಿಣ ಸಿಕ್ಕ ಪದರಗಳ ಇದ್ದಿಲಿನ ತೇದಿ ಬಂದದ್ದು ಕ್ರಿ.ಪೂ. 1000ದ ಆಸುಪಾಸು. ದಕ್ಷಿಣಕ್ಕೆ ಕಬ್ಬಿಣ ತಡವಾಗಿ ಉತ್ತರದಿಂದ ಇಳಿದು ಬಂತು ಎಂಬ ನಂಬಿಕೆಗೆ ಹಾವೇರಿ ಜಿಲ್ಲೆಯ ಆ ದಿಬ್ಬದಿಂದ ಬಿದ್ದ ಪೆಟ್ಟು ದೊಡ್ಡದು. ಆಮೇಲೆ ಮಡಕೆಯ ಚೂರೇ ತನ್ನ ವಯಸ್ಸು ಹೇಳತೊಡಗಿತು. ಮಡಕೆಯ ಮಣ್ಣಿನಲ್ಲಿ ಬೆರೆತಿರುವ ಬೆಣಚುಕಲ್ಲಿನ ಕಣಗಳು ಸುತ್ತಲಿನ ಸಹಜ ವಿಕಿರಣವನ್ನು ವರ್ಷ ವರ್ಷವೂ ಒಳಗೆ ಕೂಡಿಟ್ಟುಕೊಳ್ಳುತ್ತವೆ. ಆವಿಗೆಯಲ್ಲಿ ಸುಟ್ಟ ದಿನ ಹಳೆಯ ಲೆಕ್ಕವೆಲ್ಲ ಅಳಿಸಿ ಸೊನ್ನೆಯಾಗಿರುತ್ತದೆ. ಪ್ರಯೋಗಾಲಯದಲ್ಲಿ ಮತ್ತೆ ಕಾಯಿಸಿದಾಗ ಅಂದಿನಿಂದ ಕೂಡಿಟ್ಟಿದ್ದೆಲ್ಲ ಮಂದ ಬೆಳಕಾಗಿ ಹೊರಬರುತ್ತದೆ, ಆ ಬೆಳಕನ್ನು ಅಳೆದರೆ ಸುಟ್ಟು ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. ಉಷ್ಣದೀಪ್ತಿ ಎಂಬ ಈ ವಿಧಾನದಿಂದ ಕುಮಾರನಹಳ್ಳಿಯ ಕಬ್ಬಿಣಯುಗದ ಚೂರುಗಳನ್ನು ಅಳೆದಾಗ, ತೇದಿಗಳು ಕ್ರಿ.ಪೂ. ಎರಡನೇ ಸಹಸ್ರಮಾನದೊಳಕ್ಕೇ ಹೋದವು. ವೀಲರ್ ಎರಡೂವರೆ ಶತಮಾನ ಕೊಟ್ಟಿದ್ದ ಜನಜೀವನಕ್ಕೆ ಸಾವಿರ ವರ್ಷದ ಆಯುಷ್ಯ ಸಿಕ್ಕಿತು.

ಕಾಲದ ಲೆಕ್ಕ ಹೀಗೆ ಬದಲಾದರೂ ತಟ್ಟೆ ಮಾತ್ರ ಬಹುಕಾಲ ರೋಮಿನದಾಗಿಯೇ ಉಳಿಯಿತು. ಆ ನಂಬಿಕೆಯನ್ನು ಮೊದಲು ಅಲುಗಾಡಿಸಿದವರು ಪುರಾತತ್ವಜ್ಞೆ ವಿಮಲಾ ಬೆಗ್ಲೆ. 1980ರ ದಶಕದಲ್ಲಿ ಅವರು ವೀಲರ್ ಅವರ ವರದಿಯನ್ನೇ ಮುಂದಿಟ್ಟುಕೊಂಡು, ಯಾವ ಚೂರು ಯಾವ ಪದರದ್ದು ಎಂದು ಒಂದೊಂದಾಗಿ ಮತ್ತೆ ಓದಿದರು. ಅರೆಟೈನ್ ಬರುವುದಕ್ಕಿಂತ ಮೊದಲಿನ ಪದರಗಳಲ್ಲೇ ರೂಲೆಟೆಡ್ ತಟ್ಟೆ ಇತ್ತು. ಅವರ ಲೆಕ್ಕದಲ್ಲಿ ಅದರ ಆರಂಭ ಕ್ರಿ.ಪೂ. 2ನೇ ಶತಮಾನ, ಅಂದರೆ ರೋಮಿನ ಹಡಗುಗಳು ಮುಂಗಾರು ಗಾಳಿ ಹಿಡಿದು ನಮ್ಮ ಕರಾವಳಿಗೆ ಹಿಂಡುಹಿಂಡಾಗಿ ಬರುವ ಮುಂಚೆ. ಒಳಕ್ಕೆ ಬಾಗಿದ ಅಂಚಿನ ಆ ತಟ್ಟೆಯ ಆಕಾರವೂ ಮೆಡಿಟರೇನಿಯನ್ನಿನದಲ್ಲ. ತಟ್ಟೆ ಇಲ್ಲಿಯದು, ಅಲಂಕಾರದ ಕೌಶಲ ಬೇಕಾದರೆ ಹೊರಗಿನಿಂದ ಕಲಿತದ್ದಿರಬಹುದು ಎಂಬ ಅವರ ವಾದ ವೀಲರ್ ಅಭಿಮಾನಿಗಳಿಗೆ ಸುಲಭಕ್ಕೆ ರುಚಿಸಲಿಲ್ಲ. 1989ರಿಂದ 1992ರವರೆಗೆ ಅವರು ಅರಿಕಮೇಡನ್ನೇ ಮತ್ತೆ ಅಗೆದರು. ಶ್ರೀಲಂಕಾದ ಅನುರಾಧಪುರದ ಪದರಗಳೂ ಅವರ ಪಕ್ಷಕ್ಕೇ ಸಾಕ್ಷಿ ನುಡಿದವು.

ಆಕಾರ ನೋಡಿ, ಅಂಚು ನೋಡಿ, ಕಚ್ಚುಗಳ ಸಾಲು ನೋಡಿ ವಾದಿಸುವವರೆಗೆ ಒಬ್ಬರ ಕಣ್ಣಿಗೆ ಇನ್ನೊಬ್ಬರ ಕಣ್ಣು ಎದುರು. ಈ ಜಗಳವನ್ನು ಬಗೆಹರಿಸಬಲ್ಲ ಸಾಕ್ಷಿ ಮಡಕೆಯ ಒಳಗಿತ್ತು. ರೂಪವನ್ನು ನಕಲು ಮಾಡಬಹುದು, ಮಣ್ಣನ್ನು ನಕಲು ಮಾಡಲಾಗದು. ಗ್ರಾನೈಟ್ ಬೆಟ್ಟಗಳ ಬುಡದ ಕೆರೆಯಿಂದ ತೆಗೆದ ಜೇಡಿಯಲ್ಲಿ ಆ ಬೆಟ್ಟದ ಬೆಣಚು, ಫೆಲ್ಡ್‌ಸ್ಪಾರ್ ಕಣಗಳು ಒರಟಾಗಿ ಉಳಿದಿರುತ್ತವೆ. ಜ್ವಾಲಾಮುಖಿಯ ನೆರೆಯ ಮಣ್ಣಿನಲ್ಲಿ ಕಪ್ಪು ಮರಳು ಮಿನುಗುತ್ತದೆ. ನೇಪಲ್ಸ್ ಸುತ್ತಿನ ಕುಂಬಾರಿಕೆಯ ಆಂಫೊರಾಗಳನ್ನು ಇಂದಿಗೂ ಗುರುತಿಸುವುದು ಹೀಗೆಯೇ. ಹಿಮಾಲಯದಿಂದ ಸಾವಿರಾರು ಕಿಲೋಮೀಟರ್ ಹರಿದು ಬಂದ ನದಿ ಮುಖಜಭೂಮಿಯಲ್ಲಿ ಇಳಿಸುವ ಮಣ್ಣು ಅತಿ ನಯವಾದದ್ದು, ಅಭ್ರಕದ ಸಣ್ಣ ಪದರುಗಳನ್ನು ತುಂಬಿಕೊಂಡದ್ದು. ಸುಟ್ಟ ಮೇಲೂ ಈ ಗುರುತುಗಳು ಹೋಗುವುದಿಲ್ಲ.

ಇದನ್ನು ಓದಲು ದಾರಿಗಳು ಹಲವು. ಚೂರಿನ ಒಂದು ಸೀಳನ್ನು ಗಾಜಿಗೆ ಅಂಟಿಸಿ, ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ತೆಳ್ಳಗಾಗುವವರೆಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಬೆಳಕು ಅದರೊಳಗಿಂದ ಹಾಯುತ್ತದೆ, ಖನಿಜಗಳು ಬಣ್ಣಬಣ್ಣವಾಗಿ ಬಿಡಿಬಿಡಿಯಾಗಿ ಕಾಣುತ್ತವೆ. ಪುಡಿ ಮಾಡಿ ಎಕ್ಸ್-ರೇ ಹಾಯಿಸಿದರೆ ಪ್ರತಿ ಖನಿಜವೂ ತನ್ನದೇ ಕೋನಗಳಲ್ಲಿ ಕಿರಣವನ್ನು ಬಾಗಿಸುತ್ತದೆ. ಇದಕ್ಕೆ ಎಕ್ಸ್-ರೇ ವಿವರ್ತನೆ ಎಂದು ಹೆಸರು. ಪರಮಾಣು ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳಿಗೆ ಒಡ್ಡಿದರೆ ಹತ್ತು ಲಕ್ಷ ಭಾಗದಲ್ಲಿ ಒಂದೆರಡು ಭಾಗ ಮಾತ್ರ ಇರುವ ಧಾತುಗಳೂ ಹೊರಬೀಳುತ್ತವೆ. ಈ ಅಲ್ಪಧಾತುಗಳ ಪ್ರಮಾಣ ಒಂದು ಪ್ರದೇಶದ ಮಣ್ಣಿಗೂ ಇನ್ನೊಂದು ಪ್ರದೇಶದ್ದಕ್ಕೂ ಬೇರೆಯಾಗಿರುತ್ತದೆ.

ಮೊದಲ ಅಚ್ಚರಿ ಬಂದದ್ದು ದೂರದ ಬಾಲಿ ದ್ವೀಪದಿಂದ. ಅದರ ಉತ್ತರ ಕರಾವಳಿಯ ಸೆಂಬಿರಾನ್‌ನಲ್ಲಿ ಐ ವಾಯನ್ ಅರ್ದಿಕಾ ಅವರ ಅಗೆತದಲ್ಲಿ ರೂಲೆಟೆಡ್ ಚೂರುಗಳು ಸಿಕ್ಕವು. ಅರ್ದಿಕಾ ಮತ್ತು ಪೀಟರ್ ಬೆಲ್‌ವುಡ್ 1991ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಎಕ್ಸ್-ರೇ ಮತ್ತು ನ್ಯೂಟ್ರಾನ್ ಪರೀಕ್ಷೆಗಳ ಫಲಿತಾಂಶವಿತ್ತು. ಬಾಲಿಯ ಚೂರು, ಅರಿಕಮೇಡಿನ ಚೂರು, ಅನುರಾಧಪುರದ ಚೂರು ಬಹುಮಟ್ಟಿಗೆ ಒಂದೇ ಬಗೆಯ ಮಣ್ಣಿನವು. ಸಮುದ್ರದ ಅಷ್ಟು ದೂರದ ಮೂರು ದಡಗಳಲ್ಲಿ ಒಂದೇ ಮಣ್ಣು!

ಆ ಮಣ್ಣು ಯಾವ ಊರಿನದು? ಪುಣೆಯ ಡೆಕ್ಕನ್ ಕಾಲೇಜಿನ ವಿಶ್ವಾಸ್ ಗೋಗ್ಟೆ ಈ ಪ್ರಶ್ನೆಯನ್ನು ಹಿಡಿದರು. ಪೂರ್ವ ಕರಾವಳಿಯ ಹಲವು ನೆಲೆಗಳ ಚೂರುಗಳನ್ನೂ ಅಲ್ಲಲ್ಲಿನ ಮಣ್ಣುಗಳನ್ನೂ ಎಕ್ಸ್-ರೇ ವಿವರ್ತನೆಯಲ್ಲಿ ಹೋಲಿಸಿ 1997ರಲ್ಲಿ ಅವರು ತೀರ್ಮಾನ ಪ್ರಕಟಿಸಿದರು. ತಟ್ಟೆಯ ತವರು ಬಂಗಾಳದ ಚಂದ್ರಕೇತುಗಢ ಮತ್ತು ತಮ್ಲೂಕ್ ಸೀಮೆ, ಗಂಗೆಯ ಮುಖಜಭೂಮಿ. ತಮ್ಲೂಕ್ ಎಂದರೆ ನಮ್ಮ ಹಳೆಯ ಗ್ರಂಥಗಳ ತಾಮ್ರಲಿಪ್ತಿ, ಪ್ರಾಚೀನ ಭಾರತದ ಹೆಸರಾಂತ ಬಂದರು. 2005ರಲ್ಲಿ ಎಲ್.ಎ. ಫೋರ್ಡ್, ಮಾರ್ಕ್ ಪೊಲಾರ್ಡ್, ರಾಬಿನ್ ಕನಿಂಗ್‌ಹ್ಯಾಮ್ ಮತ್ತು ಬೆನ್ ಸ್ಟರ್ನ್ ಧಾತುಗಳ ವಿಶ್ಲೇಷಣೆಯಿಂದ ಇದೇ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡರು. ಭಾರತ ಮತ್ತು ಶ್ರೀಲಂಕಾದ ರೂಲೆಟೆಡ್ ತಟ್ಟೆಗಳೂ ಅವುಗಳ ಜೊತೆಯಲ್ಲೇ ಸಿಗುವ ಬೂದುಬಣ್ಣದ ನಯವಾದ ಬಟ್ಟಲುಗಳೂ ಬಹುಪಾಲು ಒಂದೇ ಭೂಮೂಲದವು ಎಂಬುದು ಅವರಿಗೂ ಕಂಡಿತು. ಒಂದೇ ಊರೋ, ಒಂದೇ ನದಿಬಯಲಿನ ಹಲವು ಊರುಗಳೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ. ಇಟಲಿಯ ಹೆಸರನ್ನು ಮಾತ್ರ ಈಗ ಯಾರೂ ಎತ್ತುವುದಿಲ್ಲ.

ಇದೇ ಬಗೆಯ ಇನ್ನೊಂದು ಪ್ರಸಂಗವೂ ಇದೆ. ಭಾರತದ ಹಲವು ನೆಲೆಗಳಲ್ಲಿ ಸಿಕ್ಕ ಆಂಫೊರಾ ಚೂರುಗಳನ್ನು ಮರುಪರಿಶೀಲಿಸಿದ ರೊಬೆರ್ಟಾ ಟೋಂಬರ್, ಅವುಗಳಲ್ಲಿ ಎಷ್ಟೋ ರೋಮಿನವಲ್ಲವೆಂದು ತೋರಿಸಿದರು. ಒಳಗೆ ಡಾಂಬರಿನಂಥ ಕಪ್ಪು ಲೇಪವಿದ್ದ ಆ ಉದ್ದ ಜಾಡಿಗಳು ಮೆಸೊಪೊಟೇಮಿಯಾದವು, ಪರ್ಷಿಯನ್ ಕೊಲ್ಲಿಯ ವ್ಯಾಪಾರದವು. ರೋಮಿನ ಹೆಸರಿಗಿದ್ದ ಆಕರ್ಷಣೆ ಎಷ್ಟೆಂದರೆ, ಬಂಗಾಳದ ಕುಂಬಾರರ ಕೆಲಸವನ್ನೂ ಇರಾಕಿನ ಕುಂಬಾರರ ಕೆಲಸವನ್ನೂ ಅದು ನುಂಗಿಕೊಂಡಿತ್ತು.

ಈಗ ಆ ತಟ್ಟೆ ಮಾಡಿದವರ ಕೈಯನ್ನು ನೋಡೋಣ. ಅವರ ಹೆಸರು ಒಂದೂ ಉಳಿದಿಲ್ಲ, ಅರೆಝೋದವರಂತೆ ಅವರು ಮುದ್ರೆ ಒತ್ತಲಿಲ್ಲ. ಉಳಿದಿರುವುದು ಮಾಡಿದ ರೀತಿ. ಚೂರಿನ ಅಡ್ಡಸೀಳಿನಲ್ಲಿ ಮರಳಿಲ್ಲ, ಹೊಟ್ಟಿಲ್ಲ, ಕಲ್ಲುಹರಳಿಲ್ಲ. ಮೊದಲೇ ನಯವಾದ ಮುಖಜಭೂಮಿಯ ಮಣ್ಣನ್ನು ಅವರು ಇನ್ನೂ ಸೋಸಿದ್ದಾರೆ. ನೀರಿನಲ್ಲಿ ಕದಡಿ ಬಿಟ್ಟರೆ ಕಲಕಿದ ಕೆರೆ ತಿಳಿಯಾಗುವಂತೆ ದಪ್ಪ ಕಣಗಳು ತಳ ಸೇರುತ್ತವೆ, ಮೇಲೆ ತೇಲುವ ನುಣ್ಣನೆಯ ಭಾಗವನ್ನು ಬಸಿದುಕೊಳ್ಳಬೇಕು. ಇಷ್ಟು ನಯವಾದ ಮಣ್ಣು ಹದಕ್ಕೆ ಬರುವುದು ಸುಲಭ, ಒಣಗಿಸುವುದು ಕಷ್ಟ. ಮರಳಿನ ಆಸರೆಯಿಲ್ಲದ ಮಣ್ಣು ಒಣಗುವಾಗ ಹೆಚ್ಚು ಕುಗ್ಗುತ್ತದೆ, ಅವಸರ ಮಾಡಿದರೆ ಬಿರಿಯುತ್ತದೆ. ಅಷ್ಟಗಲದ ಚಪ್ಪಟೆ ತಳ ಸೊಟ್ಟಗಾಗದಂತೆ, ಸೀಳದಂತೆ ನೆರಳಿನಲ್ಲಿ ಒಣಗಿಸಿ ಸುಡುವುದು ಪಳಗಿದ ಕೈಗೆ ಮಾತ್ರ ಸಾಧ್ಯ.

ಕಚ್ಚುಗಳ ವಿಷಯದಲ್ಲೂ ಹೊಸ ಆಲೋಚನೆ ಬಂದಿದೆ. ಹಲ್ಲಿನ ಚಕ್ರವೇ ಬೇಕಿಲ್ಲ. ಅರೆ ಒಣಗಿದ ತಟ್ಟೆಯನ್ನು ತಿಗರಿಯ ಮೇಲೆ ತಿರುಗಿಸುತ್ತ, ಬಾಗುವ ತೆಳು ಪಟ್ಟಿಯೊಂದನ್ನು ಓರೆಯಾಗಿ ತಾಗಿಸಿದರೆ ಅದು ಪಟಪಟನೆ ಪುಟಿಯುತ್ತ ಒಂದೇ ಅಂತರದ ಗುರುತುಗಳನ್ನು ತಾನೇ ಬಿಡುತ್ತ ಹೋಗುತ್ತದೆ. ಹಾಗಿದ್ದರೆ ಮೆಡಿಟರೇನಿಯನ್ನಿನಿಂದ ಕಲಿತ ಉಪಕರಣದ ಪ್ರಶ್ನೆಯೂ ಬಿದ್ದುಹೋಗುತ್ತದೆ. ತಿಗರಿಯ ವೇಗವನ್ನೂ ಮಣ್ಣಿನ ಹದವನ್ನೂ ಅಂಗೈಯಲ್ಲೇ ತಿಳಿಯಬಲ್ಲ ಕುಂಬಾರ ಇದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ.

ಬಣ್ಣ ಬೆಂಕಿಯದು. ನಮ್ಮ ಮಣ್ಣಿನಲ್ಲೆಲ್ಲ ಕಬ್ಬಿಣವಿದೆ. ಆವಿಗೆಗೆ ಗಾಳಿ ಚೆನ್ನಾಗಿ ಆಡಿದರೆ ಆ ಕಬ್ಬಿಣ ಆಮ್ಲಜನಕವನ್ನು ಹೀರಿ ಕೆಂಪಾಗುತ್ತದೆ, ಗಾಳಿ ಕಟ್ಟಿ ಹೊಗೆ ತುಂಬಿದರೆ ಆಮ್ಲಜನಕ ಕಳೆದುಕೊಂಡು ಕಪ್ಪಾಗುತ್ತದೆ, ಹೊಗೆಯ ಇಂಗಾಲವೂ ಮಣ್ಣಿನ ಸೂಕ್ಷ್ಮ ರಂಧ್ರಗಳಿಗೆ ಇಳಿಯುತ್ತದೆ. ಅತಿ ಸೂಕ್ಷ್ಮ ಕಣಗಳ ತೆಳು ಲೇಪ ಕೊಟ್ಟು ಹೀಗೆ ಸುಟ್ಟಾಗ ಲೇಪದ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಹೊಳಪು ಬರುತ್ತದೆ. ಗಂಗೆಯ ಬಯಲಿನವರಿಗೆ ಈ ವಿದ್ಯೆ ಹೊಸದಾಗಿರಲಿಲ್ಲ. ಉತ್ತರದ ಹೊಳಪಿನ ಕಪ್ಪು ಪಾತ್ರೆಗಳ ಪರಂಪರೆ ಅಲ್ಲಿ ಶತಮಾನಗಳಿಂದ ನಡೆದಿತ್ತು. ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದ ಕೆ.ಟಿ.ಎಂ. ಹೆಗ್ಡೆ 1960ರ ದಶಕದಿಂದಲೇ ಆ ಪಾತ್ರೆಗಳ ರಸಾಯನವನ್ನು ಪ್ರಯೋಗಾಲಯದಲ್ಲಿ ಬಿಡಿಸಿದ್ದರು. ಭಾರತದಲ್ಲಿ ಮಡಕೆಯನ್ನು ವಸ್ತುವಿಜ್ಞಾನದ ಕಣ್ಣಿನಿಂದ ನೋಡಿದ ಮೊದಲಿಗರಲ್ಲಿ ಅವರೂ ಒಬ್ಬರು.

ಎಷ್ಟು ಶಾಖದಲ್ಲಿ ಸುಟ್ಟರು ಎಂಬುದನ್ನೂ ಖನಿಜಗಳೇ ಹೇಳುತ್ತವೆ. ಸುಮಾರು 550 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೇಡಿಯ ಕೆಯೊಲಿನೈಟ್ ತನ್ನ ಹರಳಿನ ರೂಪ ಕಳೆದುಕೊಳ್ಳುತ್ತದೆ. 800ರ ಸುಮಾರಿಗೆ ಸುಣ್ಣದ ಅಂಶ ಒಡೆದುಹೋಗುತ್ತದೆ. 1000 ದಾಟಿದ ಮೇಲೆ ಮುಲ್ಲೈಟ್‌ನಂಥ ಹೊಸ ಖನಿಜ ಹುಟ್ಟುತ್ತದೆ. ಯಾವುದು ಉಳಿದಿದೆ, ಯಾವುದು ಕರಗಿದೆ, ಯಾವುದು ಹೊಸದಾಗಿ ಬಂದಿದೆ ಎಂದು ನೋಡಿದರೆ ಎರಡು ಸಾವಿರ ವರ್ಷಗಳ ಹಿಂದಿನ ಆವಿಗೆಯ ಶಾಖ ಅಂದಾಜಿಗೆ ಸಿಗುತ್ತದೆ.

ಬಂಗಾಳದ ತಟ್ಟೆಯ ಸಾಹಸವನ್ನು ಕೊಂಡಾಡುವಾಗ ಬ್ರಹ್ಮಗಿರಿಯ ಸ್ವಂತ ಕುಂಬಾರರನ್ನು ಮರೆಯಬಾರದು. ನನ್ನ ಮಟ್ಟಿಗೆ ಅಲ್ಲಿನ ಅಗೆತದ ಅತಿ ಸುಂದರ ವಸ್ತುಗಳು ಗೋರಿಗಳಲ್ಲಿ ಸತ್ತವರ ಜೊತೆ ಇಟ್ಟ ಕಪ್ಪು-ಕೆಂಪು ಬಟ್ಟಲುಗಳು. ಒಳಗೆಲ್ಲ ಕಪ್ಪು, ಬಾಯಂಚಿನ ಹೊರಭಾಗವೂ ಕಪ್ಪು, ಅಲ್ಲಿಂದ ಕೆಳಕ್ಕೆ ಕೆಂಪು. ಒಂದೇ ಪಾತ್ರೆಯಲ್ಲಿ ಎರಡು ಬಣ್ಣ, ಆದರೆ ಯಾವುದನ್ನೂ ಬಳಿದಿಲ್ಲ. ಬಟ್ಟಲನ್ನು ಬೋರಲು ಹಾಕಿ ಸುಟ್ಟರೆ ಬೂದಿ, ಹೊಟ್ಟಿನಲ್ಲಿ ಹುದುಗಿದ ಬಾಯಿಗೂ ಒಳಮೈಗೂ ಗಾಳಿ ತಾಗದೆ ಅವು ಕಪ್ಪಾಗುತ್ತವೆ, ಬೆಂಕಿಗೂ ಗಾಳಿಗೂ ತೆರೆದುಕೊಂಡ ಹೊರಮೈ ಕೆಂಪಾಗುತ್ತದೆ. ವೀಲರ್ ಅವರ ಕಾಲದಿಂದ ಹೀಗೆ ವಿವರಿಸುತ್ತ ಬಂದಿದ್ದಾರೆ. ಎರಡು ಸಲ ಸುಟ್ಟು, ಎರಡನೆಯ ಸಲ ಹೊಗೆಗೆ ಒಡ್ಡಿದರೂ ಇದೇ ಫಲ ಬರುತ್ತದೆಂದು ಆಮೇಲಿನ ಪ್ರಯೋಗಗಳು ತೋರಿಸಿವೆ. ಯಾವ ದಾರಿ ಹಿಡಿದರೂ ಕಪ್ಪು ಮತ್ತು ಕೆಂಪಿನ ನಡುವಿನ ಗೆರೆ ಬಟ್ಟಲಿನ ಸುತ್ತ ಹೆಚ್ಚುಕಡಿಮೆ ಸಮವಾಗಿ ಬರಬೇಕಾದರೆ ಬೂದಿಯ ಎತ್ತರ, ಸೌದೆಯ ಜೋಡಣೆ, ಬೆಂಕಿ ಆರಿಸುವ ಹೊತ್ತು ಎಲ್ಲವೂ ಹದದಲ್ಲಿರಬೇಕು. ಹೊಳಪಿಗೆ ಲೇಪದ ಜೊತೆಗೆ ನಯಗಲ್ಲಿನ ಉಜ್ಜುವಿಕೆ. ಉಜ್ಜಿದಾಗ ಜೇಡಿಯ ಚಪ್ಪಟೆ ಕಣಗಳು ಮೇಲ್ಮೈಗೆ ಸಮನಾಗಿ ಮಲಗುತ್ತವೆ, ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ, ನೀರು ಬಸಿಯುವುದೂ ಕಡಿಮೆಯಾಗುತ್ತದೆ.

ಅವರಿಗಿಂತ ಹಿಂದಿನ ಕಲ್ಲುಕೊಡಲಿಯ ಕಾಲದವರೂ ಕಡಿಮೆಯವರಲ್ಲ. ತಿಗರಿಯಿಲ್ಲದೆ ಕೈಯಲ್ಲೇ ಕಟ್ಟಿದ ಅವರ ಬೂದುಬಣ್ಣದ ಮಡಕೆಗಳ ಒರಟು ಮಣ್ಣು ಅಡುಗೆಯ ಒಲೆಗೆ ತಕ್ಕದ್ದಾಗಿತ್ತು. ಒಲೆಯ ಮೇಲೆ ಏರಿ ಇಳಿಯುವ ಮಡಕೆಗೆ ಕಲ್ಲುಹರಳಿನ ಒರಟುತನವೇ ಬಾಳಿಕೆ. ಹರಳುಗಳ ಸುತ್ತ ಬಿಟ್ಟ ಸಣ್ಣ ಸಂದುಗಳು ಬಿರುಕನ್ನು ಅಲ್ಲಲ್ಲೇ ತಡೆಯುತ್ತವೆ. ಬಂಗಾಳದ ನಯವಾದ ತಟ್ಟೆಯನ್ನು ಒಲೆಗೆ ಇಟ್ಟಿದ್ದರೆ ಸೀಳುತ್ತಿತ್ತು. ಅದು ಬಡಿಸುವ ಪಾತ್ರೆ, ಇದು ಬೇಯಿಸುವ ಪಾತ್ರೆ. ಒರಟು ಮಣ್ಣನ್ನು ಹಿಂದುಳಿದ ಕೈಯ ಗುರುತೆಂದು ಓದುವ ಅಭ್ಯಾಸ ಹಳೆಯ ವರದಿಗಳಲ್ಲಿ ಬೇಕಾದಷ್ಟಿದೆ. ಪ್ರಯೋಗಾಲಯ ಅದನ್ನು ತಿದ್ದಿದೆ.

ಶಾತವಾಹನರ ಕಾಲಕ್ಕೆ ಚಂದ್ರವಳ್ಳಿ, ಬ್ರಹ್ಮಗಿರಿಗಳಲ್ಲಿ ಇನ್ನೊಂದು ಚೆಲುವಾದ ಪಾತ್ರೆ ಬಳಕೆಗೆ ಬಂತು. ಹಸಿ ಪಾತ್ರೆಯ ಮೇಲೆ ಸುಣ್ಣದಂಥ ಬಿಳಿ ಮಣ್ಣಿನಿಂದ ಗೆರೆಗಳ ಚಿತ್ತಾರ ಬರೆದು, ಅದರ ಮೇಲೆ ಕಾವಿಯ ತೆಳು ಲೇಪ ಕೊಟ್ಟು ಸುಡುತ್ತಿದ್ದರು. ಚಿತ್ತಾರ ಕಾವಿಯ ಅಡಿಯಿಂದ ಹಳದಿಯಾಗಿ ಹೊಮ್ಮುತ್ತದೆ. ದಖ್ಖನಿನ ಈ ಪಾತ್ರೆಯ ಜೊತೆಯಲ್ಲೇ, ಅದೇ ಪದರಗಳಲ್ಲಿ, ಬಂಗಾಳದ ಮಣ್ಣಿನ ತಟ್ಟೆಯೂ ಒಡೆದು ಬಿದ್ದಿತ್ತು. ಸಮುದ್ರದ ದಾರಿಯಲ್ಲಿ ಕೋರಮಂಡಲಕ್ಕೆ ಬಂದು, ಅಲ್ಲಿಂದ ಎತ್ತಿನ ಬೆನ್ನಿನ ಮೇಲೋ ಬಂಡಿಯಲ್ಲೋ ಘಟ್ಟ ಹತ್ತಿ ಮೊಳಕಾಲ್ಮೂರಿನ ಬಯಲಿಗೆ ಸೇರುವ ತಟ್ಟೆ ಅಗ್ಗದ್ದಾಗಿರಲು ಸಾಧ್ಯವಿಲ್ಲ. ಒಂದರ ಮೇಲೊಂದು ಜೋಡಿಸಿದರೆ ಹೆಚ್ಚು ಜಾಗ ಹಿಡಿಯದ ಅದರ ಚಪ್ಪಟೆ ಆಕಾರ ಹಡಗಿಗೆ ಒಳ್ಳೆಯದೇ ಆಗಿದ್ದಿರಬೇಕು. ವಿಯೆಟ್ನಾಮಿನ ಟ್ರಾ ಕಿಯೂ, ಜಾವಾದ ಬುನಿ, ಕೆಂಪು ಸಮುದ್ರದ ದಡದ ಈಜಿಪ್ಟಿನ ಬೆರೆನಿಕೆಯವರೆಗೆ ಅದು ಹೋಗಿದೆ.

ಬೇಡಿಕೆಯಿದ್ದ ಕಡೆ ಅನುಕರಣೆಯೂ ಹುಟ್ಟಿತು. ದಕ್ಷಿಣದ ಹಲವು ನೆಲೆಗಳಲ್ಲಿ ಸ್ಥಳೀಯ ಮಣ್ಣಿನ ರೂಲೆಟೆಡ್ ತಟ್ಟೆಗಳು ಸಿಕ್ಕಿವೆ. ಅಂಚಿನ ಬಾಗು ಅದೇ, ತಳದ ವೃತ್ತಗಳು ಅವೇ. ಅಡ್ಡಸೀಳು ಮಾತ್ರ ದಪ್ಪ, ಮರಳಿನ ಕಣಗಳು ಬರಿಗಣ್ಣಿಗೇ ಕಾಣುತ್ತವೆ, ಕಚ್ಚುಗಳ ಸಾಲು ಕೆಲವೆಡೆ ಹರಳಿಗೆ ತಡೆದು ಜಾರಿದೆ. ಮೊದಲು ಇವನ್ನು ಅಪ್ಪಟ ತಟ್ಟೆಗಳ ಜೊತೆ ಒಂದೇ ಚೀಲದಲ್ಲಿ ಹಾಕಿ ಎಣಿಸುತ್ತಿದ್ದರು. ಈಗ ಮಣ್ಣು ನೋಡಿ ಬೇರ್ಪಡಿಸುತ್ತಾರೆ.